ಕಲ್ಲಿನ ಮೇಲೆ ಕಲ್ಲು

ನಾರ್ವೆಯ ಯೋಟುನ್‌ಹೈಮೆನ್ ಬೆಟ್ಟಸೀಮೆಯಲ್ಲಿ ಬೆಸ್ಸೆಗ್ಗೆನ್ ಏಣನ್ನು ಏದುಸಿರು ಬಿಡುತ್ತ ಹತ್ತಿ ವೆಸ್ಲೆಫ್ಯೆಲ್ಲೆಟ್ ನೆತ್ತಿಗೆ ಬಂದರೆ, ಕಾಲು ತಾನಾಗಿ ಓಟಕ್ಕಿಳಿಯುವಂಥ ಅಗಲವಾದ ಬಯಲು. ಮೊನ್ನೆ ನೋಡಿದರೆ ಅದರ ತುಂಬ ಪುಟ್ಟ ಪುಟ್ಟ ಕಲ್ಲುಗುಪ್ಪೆಗಳು. ಲಗೋರಿಗೆಂದು ಜೋಡಿಸಿ, ಆಡದೆ ಎದ್ದುಹೋದ ಹಾಗೆ. ನನಗೆ ಮೈ ಉರಿದುಹೋಯಿತು.

ದೋಣಿಯಲ್ಲಿ ಮೇಮುರುಬುಗೆ ಹೋಗಿ, ಅಲ್ಲಿಂದ ಯೆಂಡೆಸ್‌ಹೈಮ್‌ಗೆ ಓಡಿ ಮರಳುವ ಈ ದಾರಿ ಸುಮಾರು 14 ಕಿ.ಮೀ. ಓಡಿ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಏಣಿನ ಕಡಿದಾದ ಭಾಗದಲ್ಲಿ ಕೈಯೂ ಕಾಲಾಗುತ್ತದೆ. ಎಡಗಡೆ ನೀಲಿ ಬೆಸ್‌ವಾತ್ನೆಟ್ ಕೆರೆ. ಬಲಗಡೆ, ಅದಕ್ಕಿಂತ ಸುಮಾರು 400 ಮೀಟರ್ ತಗ್ಗಿನಲ್ಲಿ, ಹಿಮನದಿಗಳು ಅರೆದ ಕಲ್ಲಿನ ಹುಡಿ ಬೆರೆತು ಹಸಿರಾದ ಯೆಂಡೆ ಕೆರೆ. ನೋಡಬೇಕೆಂದರೆ ನಿಂತು ನೋಡಬೇಕು.

ನನ್ನ ಸುಖವೆಲ್ಲ ಇಳಿಜಾರಿನಲ್ಲಿ. ಕಾಲ ಬುಡದ ಕಲ್ಲನ್ನು ನೋಡುವವನು ಬೀಳುತ್ತಾನೆ. ಆ ಕಲ್ಲಿನ ವ್ಯವಹಾರ ಮೂರು ಹೆಜ್ಜೆ ಹಿಂದೆಯೇ ತೀರ್ಮಾನವಾಗಿರಬೇಕು. ಹೆಜ್ಜೆ ಚಿಕ್ಕದಿರಲಿ, ಕೈ ಅಗಲಿಸಿರಲಿ, ಅಂದಗೇಡಿಯಾಗಿ ಕಂಡರೆ ಕಾಣಲಿ. ಒಣಗಿದ ಒರಟು ಗ್ಯಾಬ್ರೊ ಕಲ್ಲು ಬೂಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದೇ ಕಲ್ಲಿನ ಮೇಲೆ ಕರಿ ಕಲ್ಲುಹೂವು ಬೆಳೆದು ಮಳೆಯಲ್ಲಿ ನೆನೆದಿದೆಯೋ, ದೇವರೇ ಗತಿ. ಪ್ರತಿ ಕಿಲೋಮೀಟರಿಗೂ ಕೈಗಡಿಯಾರ ನೋಡಿಕೊಳ್ಳುವವರಿಗೆ ಈ ಓದು ದಕ್ಕುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರವಿದೆ.

ಸಿಟ್ಟಿರುವುದು ಗುಪ್ಪೆ ಕಟ್ಟುವವರ ಮೇಲೆ. 1868ರಲ್ಲಿ ಶುರುವಾದ ಇಲ್ಲಿನ ಚಾರಣ ಸಂಘದವರು ಕಲ್ಲುಗುಪ್ಪೆಗಳಿಗೆ ಕೆಂಪು ‘ಟಿ’ ಬಳಿದು ದಾರಿ ಗುರುತಿಸುತ್ತಾರೆ. ಮಂಜು ಮುಸುಕಿದಾಗ ಒಂದು ಗುಪ್ಪೆಯಿಂದ ಇನ್ನೊಂದನ್ನು ಹುಡುಕಿಕೊಂಡು ಸಾಗುವುದೇ ಉಪಾಯ. ಅಂಥ ಕಡೆ, ಫೋಟೊ ಚೆನ್ನಾಗಿ ಬರಲೆಂದು ತನ್ನದೂ ಒಂದು ಇರಲಿ ಅನ್ನುವವರಿಗೆ ಏನೆನ್ನೋಣ? ಜೊತೆಗೆ ಓಡುವ ಹುಬ್ಬಳ್ಳಿಯ ಗೆಳೆಯ, “ಹೋಗ್ಲಿ ಬಿಡೋ ಮಾರಾಯಾ, ನಾಕು ಕಲ್ಲಿಗೆ ಯಾಕ ಇಷ್ಟು ತಲಿ ಕೆಡಿಸ್ಕೊಂತಿ” ಅನ್ನುತ್ತಾನೆ. ನಾಲ್ಕು ಕಲ್ಲಲ್ಲಪ್ಪ. 1743 ಮೀಟರ್ ಎತ್ತರದ ಈ ಬೆಟ್ಟದ ಒಂದು ಮಗ್ಗುಲು ಕೆರೆಯ ಕಡೆಗೆ ಜಾರಿಕೊಂಡು ಹೋಗುತ್ತದೆ. ಮಂಜಿನಲ್ಲಿ ಅಲಂಕಾರದ ಗುಪ್ಪೆಯನ್ನು ನಂಬಿ ಯಾರಾದರೂ ಅತ್ತ ನಡೆದರೆ, ಫೋಟೊ ತೆಗೆದುಕೊಂಡವರು ಬಂದು ಎತ್ತುತ್ತಾರೆಯೇ? ಸಂಘದವರು ಕಟ್ಟಬೇಡಿರೆಂದು ಕೇಳಿಕೊಳ್ಳುತ್ತಲೇ ಇದ್ದಾರೆ. ಕಟ್ಟುವವರು ಮಾತ್ರ ಇದು ಧ್ಯಾನ, ಸಮತೋಲನದ ಕಲೆ ಎನ್ನುತ್ತಾರೆ. ಮನೆ ಹಿತ್ತಲಲ್ಲಿ ಧ್ಯಾನಿಸಲು ಕಲ್ಲಿಗೆ ಬರವೇ? ಕೆಂಪು ‘ಟಿ’ಯ ಸಾಲಿನಿಂದ ದೂರ ನಿಂತ ಮೊಣಕಾಲೆತ್ತರದ ಗುಪ್ಪೆ ಸಿಕ್ಕರೆ ಓಟ ನಿಲ್ಲಿಸದೆ ಒದ್ದು ಕೆಡವುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಬಲಗಾಲಿನ ಒಳಮೈಯಿಂದ, ಮೇಲಿನ ಕಲ್ಲಿಗೆ ಮಾತ್ರ. ಬುಡಕ್ಕೆ ಒದ್ದರೆ ಬೆರಳು ಉಳಿಯುವುದಿಲ್ಲ.

ಕೆಡವಿದ ಕಲ್ಲುಗಳಲ್ಲಿ ಹಲವು ತಲೆಕೆಳಗಾಗಿರುತ್ತವೆ, ಕಲ್ಲುಹೂವು ಅಡಿಗೆ ಬಿದ್ದಿರುತ್ತದೆ. ಆಗ ನಿಂತು ತಿರುಗಿಸಿ ಇಡುತ್ತೇನೆ. ಹಳದಿ ಹಸಿರು ಬಣ್ಣದ, ಕರಿ ಗೆರೆಗಳಿಂದ ನಕ್ಷೆ ಬರೆದಂತೆ ಕಾಣುವ ಒಂದು ಜಾತಿಯಿದೆ. ವರ್ಷಕ್ಕೆ ಒಂದು ಮಿಲಿಮೀಟರೂ ಹರಡುವುದಿಲ್ಲ. ಭೂವಿಜ್ಞಾನಿಗಳಿಗೆ ಅದೇ ಅನುಕೂಲ: ವಯಸ್ಸು ಗೊತ್ತಿರುವ ಕಲ್ಲಿನ ಮೇಲೆ ಅದರ ಅಗಲ ಅಳೆದು ಬೆಳೆಯುವ ವೇಗ ತಿಳಿದುಕೊಳ್ಳುತ್ತಾರೆ, ಆ ಲೆಕ್ಕದಿಂದ ಹಿಮನದಿ ಬೇರೆ ಕಲ್ಲುಗಳನ್ನು ಯಾವಾಗ ಬಿಟ್ಟು ಹಿಂದೆ ಸರಿಯಿತೆಂದು ಅಂದಾಜು ಕಟ್ಟುತ್ತಾರೆ. ಈ ಸೀಮೆಯ ಹಲವು ಹಿಮನದಿಗಳು 18ನೇ ಶತಮಾನದ ನಡುವಿನಲ್ಲಿ ಊರಗಲ ಮುಂದೆ ಚಾಚಿದ್ದವು. ಆಮೇಲೆ ಹಿಂದೆ ಸರಿಯುವಾಗ ದಾರಿಯುದ್ದಕ್ಕೂ ಕಲ್ಲಿನ ದಿಬ್ಬಗಳನ್ನು ಬಿಟ್ಟುಹೋದವು. ಹೊರದಿಬ್ಬದ ಕಲ್ಲಿನ ಮೇಲೆ ಅಂಗೈಯಗಲ ಹೂವು ಕಂಡರೆ, ಹಿಮನದಿಯ ಹತ್ತಿರದ್ದರ ಮೇಲೆ ಏನೂ ಇರುವುದಿಲ್ಲ. ಇದು ಗೊತ್ತಾದ ಮೇಲೆ ನನ್ನ ಓಟದ ಬೆಲ್ಟಿನಲ್ಲಿ ಖರ್ಜೂರದ ಪಕ್ಕ ಒಂದು ಪುಟ್ಟ ಅಳತೆಪಟ್ಟಿ ಸೇರಿಕೊಂಡಿದೆ. ಹುಬ್ಬಳ್ಳಿಯ ಗೆಳೆಯ ಈಗ ನನ್ನನ್ನು ಕಾಯುವುದನ್ನೇ ಬಿಟ್ಟಿದ್ದಾನೆ.