ತೀರ್ಥನ್ ಹೊಳೆಯ ದಡದಲ್ಲಿ

ನಿವೃತ್ತಿಯ ಬಳಿಕ ದಿನಗಳನ್ನು ಕಳೆಯುವುದೆಂತೆಂಬ ಅಳುಕು ನಮ್ಮೀರ್ವರಲ್ಲಿಯೂ ಇದ್ದಿತು. ಒಬ್ಬರಿಗೆ ಶಾಲೆ, ಒಬ್ಬರಿಗೆ ಅಡುಗೆಮನೆ. ಹೀಗೆಯೇ ಮೂರು ದಶಕಗಳು ಸಂದಿದ್ದವು. ಜೊತೆಯಾಗಿ ಸುಮ್ಮನೆ ಕುಳಿತದ್ದೇ ವಿರಳ.

ಕಳೆದ ವೈಶಾಖದಲ್ಲಿ ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಗೆ ಹೋಗಿ, ಹೊಳೆಯ ದಡದ ಡೇರೆಯಲ್ಲಿ ನಾಲ್ಕು ದಿನ ತಂಗಿದೆವು. ಅಲ್ಲಿಯ ತಣ್ಣೀರಿನ ಟ್ರೌಟ್ ಮೀನು ಆಂಗ್ಲರ ಕಾಲದಲ್ಲಿ ಹೊರನಾಡಿನಿಂದ ಬಂದು ನೆಲೆಸಿದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ ಅದನ್ನು ಹಿಡಿಯುವಂತಿಲ್ಲ. ಉಳಿದ ತಿಂಗಳುಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ಗರಿ, ನೂಲುಗಳಿಂದ ಕಟ್ಟಿದ ಹುಸಿನೊಣವೇ ಗಾಳದ ಎರೆ. ಅದು ಬಲು ಹಗುರ; ಬೀಸಿದಾಗ ದಾರದ ತೂಕವೇ ಅದನ್ನು ಒಯ್ಯಬೇಕು. ತೋಳ್ಬಲ ತೋರಿದರೆ ದಾರ ಸಿಕ್ಕಾಗುವುದು. ಪ್ರವಾಹಕ್ಕೆದುರಾಗಿ ನಿಲ್ಲುವ ಮೀನನ್ನು ಹಿಂದಿನಿಂದ ಸದ್ದಿಲ್ಲದೆ ಸಮೀಪಿಸಬೇಕು.

ದೊರೆತ ಒಂದೇ ಮೀನನ್ನು ಹೊಳೆಗೇ ಬಿಟ್ಟೆವು. ಒಟ್ಟಿಗೆ ಮೌನವಾಗಿರುವುದನ್ನು ಕಲಿತು ಮನೆಗೆ ಮರಳಿದೆವು.