ಚೀಟಿ ನಂಬರ್ 17

ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ. ಉತ್ತರಹಳ್ಳಿ ಮುಖ್ಯರಸ್ತೆ ಬಿಟ್ಟು ಚಿಕ್ಕಲಸಂದ್ರದ ಒಳಗಡೆ ತಿರುಗಿ ಎರಡು ಬೀದಿ ದಾಟಿದರೆ ಹಾರ್ನ್ ಸದ್ದು ಸಣ್ಣದಾಗುತ್ತದೆ. ಇಸ್ತ್ರಿ ಗಾಡಿಯವನು ಇದ್ದಿಲಿಗೆ ಬೀಸಣಿಗೆ ಬೀಸುತ್ತಿದ್ದಾನೆ. ಅವನ ಎದುರಿಗೆ ಶಟರ್ ಅರ್ಧ ಎತ್ತಿದ ಕಟ್ಟಡ, ಮೇಲೆ ‘ನಮ್ಮ ಕ್ಲಿನಿಕ್’ ಅನ್ನುವ ಬೋರ್ಡು. ಬೋರ್ಡಿನ ಮೂಲೆಯಲ್ಲಿ ಇನ್ನೂ ಬಿಬಿಎಂಪಿ ಅಂತಲೇ ಇದೆ. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದದ್ದು 2025ರ ಸೆಪ್ಟೆಂಬರ್‌ನಲ್ಲಿ. ಬೋರ್ಡಿಗೆ ಸುದ್ದಿ ಮುಟ್ಟಿಲ್ಲ.

ಒಳಗೆ ಕಸ ಗುಡಿಸುತ್ತಿರುವ ಸದ್ದು. ಹೊರಗೆ ಆಗಲೇ ಹನ್ನೆರಡು ಹದಿಮೂರು ಜನ. ಕಲ್ಲಿನ ಮೆಟ್ಟಿಲ ಮೇಲೆ ಚಪ್ಪಲಿ, ಕೊಡೆ, ಒಂದು ಊಟದ ಡಬ್ಬಿ ಸಾಲಾಗಿ ಕೂತಿವೆ. ಅವುಗಳ ಯಜಮಾನರು ಎದುರುಗಡೆ ನೆರಳಲ್ಲಿ ನಿಂತಿದ್ದಾರೆ. ಇದು ಇಲ್ಲಿನ ಸರದಿ. ನನಗೆ ಇಡಲು ಏನೂ ಇರಲಿಲ್ಲ. ‘ಹೆಲ್ಮೆಟ್ ಇಡಿ ಸಾರ್, ಇಲ್ದಿದ್ರೆ ನಿಮ್ ಜಾಗ ಹೋಯ್ತು,’ ಅಂದಳು ಹೂ ಬುಟ್ಟಿ ಪಕ್ಕದಲ್ಲಿಟ್ಟುಕೊಂಡ ಅಜ್ಜಿ. ಇಟ್ಟೆ.

ಈ ಬೋರ್ಡಿನ ಮುಂದೆ ಎರಡು ವರ್ಷದಿಂದ ದಿನಾ ಓಡಾಡಿದ್ದೇನೆ. ಒಳಗೆ ಕಾಲಿಟ್ಟವನಲ್ಲ. ಕೆಲಸದಲ್ಲಿದ್ದಷ್ಟು ದಿನ ಕಂಪನಿಯ ವಿಮೆ ಇತ್ತು, ಪ್ಲಾಸ್ಟಿಕ್ ಕಾರ್ಡಿತ್ತು, ಏಸಿ ಹಾಕಿದ ರಿಸೆಪ್ಷನ್ನಿನಲ್ಲಿ ಹೆಸರು ಹಿಡಿದು ಕರೆಯುವ ಹುಡುಗಿ ಇದ್ದಳು. ಜೂನ್‌ನಲ್ಲಿ ನಿವೃತ್ತಿ ಆಯಿತು, ಕಾರ್ಡು ಹೋಯಿತು. ಹೊಸ ವಿಮೆ ಮಾಡಿಸಲು ಹೋದರೆ ಬಿಪಿ ಇದೆಯಾ ಅಂತ ಮೊದಲು ಕೇಳುತ್ತಾರೆ. ಇದೆಯೋ ಇಲ್ಲವೋ ನೋಡಿಸಿಕೊಳ್ಳೋಣ ಅಂತಲೇ ಬಂದದ್ದು. ಬರುವಾಗ ಪರಿಚಯದವರು ಯಾರಾದರೂ ಕಂಡರೆ ಏನು ಹೇಳಲಿ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಶಟರ್ ಪೂರ್ತಿ ಏಳುತ್ತದೆ. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಫಿನಾಯಿಲ್ ವಾಸನೆ, ತೂಕದ ಯಂತ್ರ. ಚೀಟಿ ಕೈಗೆ ಬರುತ್ತದೆ: 17. ಹಾಗಾದರೆ ನನಗಿಂತ ಮೊದಲೇ ಚಪ್ಪಲಿ ಇಟ್ಟು ಕಾಫಿಗೆ ಹೋದವರೂ ಇದ್ದರು.

ನಾಲ್ಕೇ ಜನದ ಕಚೇರಿ ಇದು: ಒಬ್ಬರು ಎಂಬಿಬಿಎಸ್ ಡಾಕ್ಟರು, ಒಬ್ಬರು ನರ್ಸು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಸಹಾಯಕಿ. ಊರೆಲ್ಲಾ ನಮ್ಮ ಕ್ಲಿನಿಕ್ಕಿಗೆ ಹೀಗೇ ಲೆಕ್ಕ ಹಾಕಿದ್ದು. 2022ರ ಡಿಸೆಂಬರ್ 14ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ನಿಂತು ಒಂದೇ ಸಲಕ್ಕೆ 114 ಕ್ಲಿನಿಕ್ ತೆರೆದರು. ಒಟ್ಟು ಗುರಿ 438, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243. ಸರ್ಕಾರ ಬದಲಾಯಿತು, ಬೋರ್ಡು ಇಳಿಯಲಿಲ್ಲ. ನಮ್ಮಲ್ಲಿ ಇದು ಅಷ್ಟು ಸಾಮಾನ್ಯದ ಮಾತಲ್ಲ.

‘ನಂಬರ್ ಆರು!’

ಹೂವಜ್ಜಿ ಎದ್ದಳು. ಕಾರ್ತಿಕ ಸೋಮವಾರ, ಹನುಮಗಿರಿ ಬೆಟ್ಟದ ಕಡೆ ವ್ಯಾಪಾರ ಜೋರಿರುವ ದಿನ, ಅವಳಿಗೆ ಅವಸರ. ಸಿಸ್ಟರ್ ಕಂಪ್ಯೂಟರ್ ನೋಡಿ, ‘ಅಜ್ಜಿ, ಆಭಾ ನಂಬರ್ ಮಾಡ್ಬೇಕು, ಫೋನಿಗೆ ಓಟಿಪಿ ಬಂತಾ?’ ಅಂದರು. ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆ ಅದು. ಆಧಾರಿಗೆ ಕೊಟ್ಟ ಫೋನು ಮಗನದು, ಮಗ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ, ಫೋನು ಅಲ್ಲಿನ ಲಾಕರಿನಲ್ಲಿ. ‘ಓಟಿಪಿ ಬೊಮ್ಮಸಂದ್ರಕ್ಕೆ ಹೋಗಿರ್ತದೆ ಕಣವ್ವ,’ ಅಂದಳು ಅಜ್ಜಿ, ಬಸ್ಸು ತಪ್ಪಿಸಿಕೊಂಡ ನೆಂಟರ ಬಗ್ಗೆ ಹೇಳಿದ ಹಾಗೆ. ಎಲ್ಲರೂ ನಕ್ಕೆವು. ಸಿಸ್ಟರೂ ನಕ್ಕು, ಆಮೇಲೆ ಮಾಡೋಣ ಅಂತ ಹಳೇ ರಿಜಿಸ್ಟರಿನಲ್ಲಿ ಬರೆದುಕೊಂಡರು.

ಅಜ್ಜಿಗೆ ಮಾತ್ರೆ ಕೊಟ್ಟದ್ದನ್ನು ಹತ್ತಿರದಿಂದ ನೋಡಿದೆ. ಸಿಸ್ಟರ್ ಕತ್ತರಿ ತೆಗೆದು ಪಟ್ಟಿಯಲ್ಲಿ ಬೇಕಾದಷ್ಟನ್ನೇ ಕತ್ತರಿಸಿದರು. ಬಿಳಿ ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ ಬರೆದರು, ಸುತ್ತ ಕಿರಣ ಎಳೆದರು. ಇನ್ನೊಂದು ಕವರಿಗೆ ಸೂರ್ಯನೂ ಬಂದ, ಪಕ್ಕದಲ್ಲಿ ಬಾಳೆಹಣ್ಣಿನಂಥ ಚಂದ್ರನೂ ಬಂದ. ಅದು ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್, ಎರಡು ಹೊತ್ತು. ‘ಊಟ ಆದ್ಮೇಲೆ, ಗೊತ್ತಾಯ್ತಾ?’ ಅಜ್ಜಿ ಚಂದ್ರನನ್ನು ತೋರಿಸಿ ‘ಇವನು ಮಲಗೋ ಮುಂಚೆ’ ಅಂದಳು. ಕವರುಗಳು ಸೊಂಟದ ಸಂಚಿಗೆ, ಎಲೆ ಅಡಿಕೆ ಜೊತೆಗೆ ಹೋದವು. ಒಂದು ತಿಂಗಳ ಮಾತ್ರೆ, ಕಾಸಿಲ್ಲ.

ಪಕ್ಕದ ಕುರ್ಚಿಯಲ್ಲಿ ನಮ್ಮ ಬೀದಿಯ ಟೈಲರ್. ಅವನ ಬಳಿ ಬಿಪಿಎಲ್ ಕಾರ್ಡಿದೆ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. 2018ರ ಮಾರ್ಚ್‌ನಲ್ಲಿ ರಾಜ್ಯ ತನ್ನ ಯೋಜನೆ ಶುರು ಮಾಡಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ್ದರ ಜೊತೆ ಸೇರಿಸಿತು. ಹೋದ ವರ್ಷ ಟೈಲರ್‌ಗೆ ಹೊಟ್ಟೆನೋವು, ಆಪರೇಷನ್ ಬೇಕು ಅಂದರು. ಆ ಕಾರ್ಡು ಹಿಡಿದು ಒಂದು ಖಾಸಗಿ ಆಸ್ಪತ್ರೆಗೆ ಹೋದ. ಹೆಸರು ಬೇಡ. ಕೌಂಟರಿನವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ನಲವತ್ತು ಸಾವಿರ ಕಟ್ಟಿ ಅಂದರಂತೆ.

‘ಕಾರ್ಡಿದ್ರೂ ಯಾಕೆ ಅಂತ ಕೇಳ್ದೆ. ಸರ್ಕಾರಿ ಆಸ್ಪತ್ರೆ ರೆಫರಲ್ ತಗೊಂಡ್ ಬನ್ನಿ ಅಂದ್ರು. ಅದನ್ನ ಮೊದ್ಲೇ ಹೇಳ್ಬಾರ್ದಾ ಸಾರ್?’

ರೆಫರಲ್ ಕೇಳಿದ್ದು ನಿಯಮದ ಪ್ರಕಾರ ಸರಿ, ದುಡ್ಡು ಕೇಳಿದ್ದು ಬೇರೆ ಮಾತು. ಈ ಯೋಜನೆಯ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿವೆ. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡವಕ್ಕೆ ಸರ್ಕಾರಿ ಡಾಕ್ಟರು ‘ನಮ್ಮಲ್ಲಿ ಆಗುವುದಿಲ್ಲ’ ಅಂತ ಬರೆದುಕೊಟ್ಟ ಮೇಲೆ ಖಾಸಗಿ ಬಾಗಿಲು ತೆರೆಯುತ್ತದೆ. ನೇರ ಹೋಗಬಹುದಾದದ್ದು 169 ತುರ್ತು ಚಿಕಿತ್ಸೆಗಳಿಗೆ ಮಾತ್ರ. ನನ್ನಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುವ ಹಾಗಿಲ್ಲ. ಇಷ್ಟನ್ನು ಟೈಲರ್‌ಗೆ ಯಾರೂ ಹೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಂದವನು ಮಾರ್ಗಸೂಚಿ ಓದಿಕೊಂಡು ಬರುತ್ತಾನೆಯೇ? ಕೊನೆಗೆ ಜಯನಗರ ಜನರಲ್ ಆಸ್ಪತ್ರೆಗೆ ಹೋದ, ಆಪರೇಷನ್ನೂ ಅಲ್ಲೇ ಆಯಿತು. ಅಂಗಿ ಸರಿಸಿ ಗಾಯದ ಗುರುತು ತೋರಿಸಿದ, ತಾನೇ ಹಾಕಿದ ಹೊಲಿಗೆಯಷ್ಟು ಹೆಮ್ಮೆಯಿಂದ.

ಮುಂದಿನ ಸಾಲಿನ ಹಿರಿಯರೊಬ್ಬರು ಪೇಪರ್ ಮಡಚಿ ತಿರುಗಿದರು. ‘ಎಪ್ಪತ್ತು ದಾಟಿದೋರಿಗೆಲ್ಲ ಐದು ಲಕ್ಷ ಅಂತ ಮೋದಿಯವರು ಹೇಳಿದ್ರಲ್ಲ, ಅದು ಇಲ್ಲಿ ಕೊಡ್ತಾರಾ?’ 2024ರ ಅಕ್ಟೋಬರ್ 29ರಂದು ದೆಹಲಿಯಲ್ಲಿ ಶುರುವಾದದ್ದು ಅದು. ಕರ್ನಾಟಕದಲ್ಲಿ, ಯಾರು ಎಷ್ಟು ಹಾಕಬೇಕು ಅನ್ನುವ ಲೆಕ್ಕದ ಜಗಳದಲ್ಲಿ ನಿಂತುಬಿಟ್ಟಿತು. ಸಿಸ್ಟರ್ ತಲೆ ಎತ್ತದೆ, ‘ಅದು ಇಲ್ಲಿ ಅಲ್ಲ ಸಾರ್, ಇಲ್ಲಿ ಬಿಪಿ, ಶುಗರ್, ಜ್ವರ,’ ಅಂದರು.

ಆ ಒಂದು ಮಾತು ನನಗೆ ಹಿಡಿಸಿತು. ಟಿವಿಯಲ್ಲಿ ಆರೋಗ್ಯ ನೀತಿ ಅಂದರೆ ಲಕ್ಷದ ಲೆಕ್ಕ, ಕಾರ್ಡಿನ ಮೇಲೆ ಯಾರ ಫೋಟೋ ಅನ್ನುವ ವಾದ. ಆ ಕಾರ್ಡಿಗೆ ಜೀವ ಬರುವುದು ನಾವು ಮಂಚ ಹಿಡಿದ ಮೇಲೆ. ಹೂವಜ್ಜಿಯ ಸಕ್ಕರೆಗೆ, ಇಪ್ಪತ್ತು ವರ್ಷ ದಿನಾ ನುಂಗಬೇಕಾದ ಮಾತ್ರೆಗೆ, ಅದರಲ್ಲಿ ಜಾಗವಿಲ್ಲ. ಮಾತ್ರೆ ತಪ್ಪಿ ಕಿಡ್ನಿ ಹೋದರೆ ಆಗ ಡಯಾಲಿಸಿಸ್‌ಗೆ ಜಾಗ ಇದೆ. ಐದು ಲಕ್ಷದ ಯೋಜನೆ ಬೇಡ ಅನ್ನುತ್ತಿಲ್ಲ, ಅದು ಟೈಲರ್‌ನಂಥವರ ಮನೆ ಉಳಿಸಿದೆ. ಆದರೆ ಈ ಕತ್ತರಿ, ಈ ಕವರು ಮೊದಲು ಬರಬೇಕಿತ್ತು.

ಹೇಳಿದವರು ಇರಲಿಲ್ಲ ಅಂತಲ್ಲ. 1946ರಲ್ಲೇ ಜೋಸೆಫ್ ಭೋರ್ ಸಮಿತಿ, ದುಡ್ಡಿಲ್ಲದವನಿಗೂ ಚಿಕಿತ್ಸೆ ತಪ್ಪಬಾರದು, ಅದು ಮನೆಯ ಹತ್ತಿರ ಸಿಗಬೇಕು ಅಂದಿತ್ತು. ಅದರಿಂದ ಹುಟ್ಟಿದ ಪ್ರಾಥಮಿಕ ಆರೋಗ್ಯ ಕೇಂದ್ರ ಹಳ್ಳಿಯನ್ನೇ ನೋಡಿಕೊಂಡು ಬೆಳೆಯಿತು. ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ಚಿಕ್ಕಲಸಂದ್ರದಂಥವು ಸೈಟು, ಲೇಔಟು ಆಗುತ್ತಾ ಹೋದವು. ಹೊಲ ಹೋಯಿತು, ಜನ ಹತ್ತು ಪಟ್ಟಾದರು, ಬೀದಿಗೆರಡು ಮೆಡಿಕಲ್ ಶಾಪ್ ಬಂದವು, ಸರ್ಕಾರಿ ಡಾಕ್ಟರು ಮಾತ್ರ ಬರಲಿಲ್ಲ. ದೆಹಲಿಯವರು 2015ರಲ್ಲಿ ಮೊಹಲ್ಲಾ ಕ್ಲಿನಿಕ್ ಮಾಡಿದರು, ಹೈದರಾಬಾದಿನವರು 2018ರಲ್ಲಿ ಬಸ್ತಿ ದವಾಖಾನಾ ಮಾಡಿದರು. ನಮ್ಮದು ಅವರ ಹಿಂದೆ ಬಂದದ್ದು.

‘ಹದಿನೇಳು! ಸಾರ್, ನೀವೇ. ಮೊದಲ ಸಲನಾ?’

ತೋಳಿಗೆ ಪಟ್ಟಿ ಸುತ್ತುತ್ತಾರೆ. ಗಾಳಿ ತುಂಬಿದಂತೆ ತೋಳು ಬಿಗಿಯುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಯಂತ್ರ ಕೊಂಚ ಹೊತ್ತು ಯೋಚಿಸಿ 164 ತೋರಿಸಿತು, ಕೆಳಗೆ 102. ಸಿಸ್ಟರ್ ಏನೂ ಹೇಳದೆ, ‘ಹತ್ತು ನಿಮಿಷ ಸುಮ್ನೆ ಕೂತ್ಕೊಳಿ, ಫೋನ್ ನೋಡ್ಬೇಡಿ,’ ಅಂದರು. ಸುಮ್ಮನೆ ಕೂರುವುದು ಎಷ್ಟು ಕಷ್ಟ ಅನ್ನುವುದು ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಮೂರು ಸಲ ಓದಿದಾಗ ಗೊತ್ತಾಯಿತು. ಎರಡನೇ ಸಲ 158, 98.

ಡಾಕ್ಟರಮ್ಮನಿಗೆ ಮೂವತ್ತು ಆಗಿರಲಿಕ್ಕಿಲ್ಲ. ಹೊರಗೆ ಅಷ್ಟು ಜನ ಇದ್ದರೂ ನನ್ನ ತಂದೆ ಹೇಗೆ ತೀರಿಕೊಂಡರು ಅಂತ ಕೇಳಿದರು, ಉಪ್ಪಿನಕಾಯಿ ಎಷ್ಟು ತಿನ್ನುತ್ತೀರಿ ಅಂತ ಕೇಳಿದರು. ಎರಡನೆಯದಕ್ಕೆ ಸುಳ್ಳು ಹೇಳಿದೆ. ಬೆರಳು ಚುಚ್ಚಿ ಸಕ್ಕರೆ ನೋಡಿಸಿದರು, ತಿಂಡಿ ಆದ ಮೇಲೆ 138, ಪರವಾಗಿಲ್ಲ. ‘ಇನ್ನೆರಡು ದಿನ ಬಂದು ಬಿಪಿ ಚೆಕ್ ಮಾಡಿಸಿ, ಇಷ್ಟೇ ಇದ್ರೆ ಮಾತ್ರೆ ಶುರು ಮಾಡೋಣ. ಉಪ್ಪಿನಕಾಯಿ ಇವತ್ತಿಂದಲೇ ಬಿಡಿ.’ ಸುಳ್ಳು ಗೊತ್ತಾಗಿತ್ತು.

ಹೊರಗೆ ಬಂದರೆ ಬಾಗಿಲ ಹತ್ತಿರ ಆಶಾ ಕಾರ್ಯಕರ್ತೆ, ಗುಲಾಬಿ ಸೀರೆ, ಹೆಗಲಿಗೆ ಉದ್ದನೆ ಚೀಲ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಆಶಾಗಳು ಚಳಿಯಲ್ಲಿ ಮಲಗಿದ್ದರಲ್ಲ, ಅವರಲ್ಲಿ ಇವರೂ ಇದ್ದರಂತೆ. ಕೇಳಿದ್ದು ತಿಂಗಳಿಗೆ ಹದಿನೈದು ಸಾವಿರ, ಮುಖ್ಯಮಂತ್ರಿಗಳು ಏಪ್ರಿಲ್‌ನಿಂದ ಹತ್ತು ಸಾವಿರ ಖಾತ್ರಿ ಅಂದರು. ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು. ‘ಬಂತಾ ಅಕ್ಕ ದುಡ್ಡು?’ ಅಂದೆ. ಅವರು ಬಾಟಲಿ ಎತ್ತಿ ನೀರು ಕುಡಿದರು, ಉತ್ತರ ಅಷ್ಟೇ.

ಆಮೇಲೆ ಚೀಲದಿಂದ ಪುಸ್ತಕ ತೆಗೆದರು. ಮನೆ ಮನೆಗೆ ಹೋಗಿ ಮೂವತ್ತು ದಾಟಿದವರ ಬಿಪಿ, ಶುಗರ್ ಲೆಕ್ಕ ಬರೆಯುವ ಕೆಲಸ ಅವರದು. ನಮ್ಮ ಮನೆ ಗೇಟಿಗೆ ಎರಡು ಸಲ ಬಂದು ಬೆಲ್ ಒತ್ತಿದ್ದರಂತೆ. ನಾವು ಯಾರೋ ಚಂದಾ ಕೇಳುವವರು ಅಂದುಕೊಂಡಿರಬೇಕು.

‘ಈಗ ಸಿಕ್ಕಿದ್ರಲ್ಲ, ಹೇಳ್ಬಿಡಿ ಸಾರ್. ಮನೇಲಿ ಮೂವತ್ತು ದಾಟಿದೋರು ಎಷ್ಟು ಜನ?’

‘ಇಬ್ರು,’ ಅಂದೆ. ‘ನಾನು, ನಮ್ಮ ಮನೆಯವರು.’

ಅವರು 2 ಅಂತ ಬರೆದರು. ಹೆಲ್ಮೆಟ್ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವನು ವಾಪಸು ಬಂದೆ.

‘ಅಕ್ಕ, ಮೂರು ಅಂತ ಮಾಡಿ. ಮಗನಿಗೆ ಮೊನ್ನೆ ಆಗಸ್ಟ್‌ಗೆ ಮೂವತ್ತೊಂದಾಯ್ತು.’