ಓದುಗರನ್ನು ಎಣಿಸುವ ಕೆಲಸ

ಪತ್ರಿಕಾಲಯವೆಂದೊಡನೆ ನಮಗೆ ಸಂಪಾದಕರು, ವರದಿಗಾರರು, ಹೆಚ್ಚೆಂದರೆ ಕರಡು ತಿದ್ದುವವರು ನೆನಪಿಗೆ ಬರುತ್ತಾರೆ. ಓದುಗರನ್ನು ಎಣಿಸುವುದಕ್ಕೆಂದೇ ಅಲ್ಲಿ ಒಬ್ಬ ಅಧಿಕಾರಿ ಇರುವುದುಂಟೆಂದು ಕಳೆದ ಬೇಸಗೆಯ ರಜೆಯವರೆಗೆ ನನಗೂ ತಿಳಿದಿರಲಿಲ್ಲ. ಆ ಹುದ್ದೆಯ ಹೆಸರು ‘ಆಡಿಯೆನ್ಸ್ ಅನಲಿಟಿಕ್ಸ್ ಮ್ಯಾನೇಜರ್’. ಊರಿನಲ್ಲಿ ಈ ಹೆಸರು ಹೇಳಿದಾಗ ನಮ್ಮ ತಂದೆಯವರು, “ಅಂದರೆ ಜನಗಣತಿಯವರೋ?” ಎಂದರು. ವಿಚಾರಮಾಡಿ ನೋಡಿದರೆ ಅವರ ಮಾತು ತಪ್ಪೇನಲ್ಲ. ಒಂದು ಪತ್ರಿಕೆಯ ಅಂತರಜಾಲ ಶಾಖೆಯಲ್ಲಿ ಅಂಥ ಅಧಿಕಾರಿಯೊಬ್ಬರ ಕೈಕೆಳಗೆ ಅಂಕಿಗಳನ್ನು ಪಟ್ಟಿಮಾಡುವ ಕೆಲಸ ಎರಡು ತಿಂಗಳ ಮಟ್ಟಿಗೆ ನನಗೆ ದೊರೆಯಿತು.

ಓದುಗರನ್ನು ಎಣಿಸುವ ಆಸೆ ಹೊಸದಲ್ಲ. 1948ರಲ್ಲಿ ನಮ್ಮ ದೇಶದಲ್ಲಿ ಸ್ಥಾಪನೆಯಾದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಮಾರಾಟವಾದ ಪ್ರತಿಗಳ ಲೆಕ್ಕವನ್ನು ಪ್ರಮಾಣೀಕರಿಸುವ ಸಂಸ್ಥೆ. ಆದರೆ ಪ್ರತಿ ಬೇರೆ, ಓದುಗ ಬೇರೆ. ನಮ್ಮೂರ ಹೋಟೆಲಿಗೆ ಬರುವುದು ಒಂದೇ ಪ್ರತಿ. ಮೊದಲ ಹಾಳೆ ಒಬ್ಬರ ಕೈಯಲ್ಲಿದ್ದರೆ ನಡುಹಾಳೆ ಮತ್ತೊಬ್ಬರ ಕೈಯಲ್ಲಿ; ಅಕ್ಷರ ಬಾರದವರು ಕಿವಿಯಿಂದಲೇ ಓದುತ್ತಾರೆ. ಐದನೆಯ ತರಗತಿಯಿಂದಲೂ ಅಲ್ಲಿ ತಂದೆಯವರಿಗೆ ಪತ್ರಿಕೆ ಓದಿ ಹೇಳಿದವನು ನಾನು. 1995ರಿಂದ ನಡೆದ ಇಂಡಿಯನ್ ರೀಡರ್‌ಶಿಪ್ ಸರ್ವೆಯವರು ಪ್ರತಿಗಳನ್ನು ಬಿಟ್ಟು ಮನೆಮನೆಗೆ ಹೋಗಿ ಜನರನ್ನೇ ವಿಚಾರಿಸಿದರು. ಆದರೂ “ಓದಿದಿರಾ?” ಎಂದು ಕೇಳಿದರೆ, ಕೇಳಿಸಿಕೊಂಡವನು ಏನು ಹೇಳಬೇಕು?

ಅಂತರಜಾಲದ ಲೆಕ್ಕ ಇನ್ನೊಂದು ಬಗೆಯದು. ಪುಟ ತೆರೆದೊಡನೆ ಅದರೊಳಗಿನ ಸಣ್ಣದೊಂದು ಪ್ರೋಗ್ರಾಂ ಎಣಿಕೆಯ ಯಂತ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ಬ್ರೌಸರಿನಲ್ಲಿ ‘ಕುಕಿ’ ಎಂಬ ಗುರುತುಚೀಟಿಯನ್ನು ಇಟ್ಟು ಹೋಗುತ್ತದೆ. ಮುಂದಿನ ಸಲ ಆ ಚೀಟಿ ಕಂಡರೆ ಹಳೆಯ ಓದುಗ, ಕಾಣದಿದ್ದರೆ ಹೊಸಬ. ಆದ್ದರಿಂದ ಬೆಳಿಗ್ಗೆ ಫೋನಿನಲ್ಲೂ ಮಧ್ಯಾಹ್ನ ಕಂಪ್ಯೂಟರಿನಲ್ಲೂ ಓದಿದ ಒಬ್ಬನೇ ಗುಮಾಸ್ತ ಇಬ್ಬರಾಗಿಬಿಡಬಹುದು. ಒಂದೇ ಫೋನಿನ ಸುತ್ತ ಕುಳಿತ ನಮ್ಮ ಮನೆಯ ಐವರು ಒಬ್ಬರಾಗುತ್ತೇವೆ. 2005ರಲ್ಲಿ ಆರಂಭವಾದ ಗೂಗಲ್ ಅನಲಿಟಿಕ್ಸಿನ ಈಗಿನ ಆವೃತ್ತಿಯಲ್ಲಿ, ಬೇರೆ ಏರ್ಪಾಡು ಮಾಡದಿದ್ದರೆ, ಹತ್ತು ಸೆಕೆಂಡು ಮೀರಿದ ಭೇಟಿ ಮನಸ್ಸಿಟ್ಟ ಭೇಟಿಯೆಂದು ದಾಖಲಾಗುತ್ತದೆ. ನಮ್ಮ ಉಪಾಧ್ಯಾಯರೊಬ್ಬರಿಗೆ ಹತ್ತು ಸೆಕೆಂಡು ಕನ್ನಡಕ ಒರೆಸುವುದಕ್ಕೂ ಸಾಲದು!

ಎಣಿಕೆಯಲ್ಲಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. ಜನರು ವೀಡಿಯೊ ನೋಡುವ ಸರಾಸರಿ ಸಮಯವನ್ನು ಎರಡು ವರ್ಷಗಳಷ್ಟು ಕಾಲ ಹೆಚ್ಚಾಗಿ ತೋರಿಸಿದ್ದುದನ್ನು ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಮೂರು ಸೆಕೆಂಡಿಗೆ ಮೊದಲೇ ಎದ್ದುಹೋದವರನ್ನು ಲೆಕ್ಕದಿಂದ ಬಿಟ್ಟಿದ್ದುದೇ ಕಾರಣ. ನಪಾಸಾದವರನ್ನು ಬಿಟ್ಟು ಸರಾಸರಿ ತೆಗೆದರೆ ಯಾವ ಕಾಲೇಜಿಗೆ ತಾನೇ ಕೀರ್ತಿ ಬಾರದು?

ಇದೆಲ್ಲ ವಿನೋದದ ಮಾತಾಯಿತು. ಆದರೆ ಈ ಅಂಕಿಗಳ ಮೇಲೆಯೇ ಯಾವ ಅಂಕಣ ಉಳಿಯಬೇಕು, ಯಾವುದು ಹೋಗಬೇಕೆಂಬುದು ಗೊತ್ತಾಗುತ್ತದೆ. ನಾನಿದ್ದಾಗಲೇ ಎರಡು ಅಂಕಣಗಳನ್ನು ನಿಲ್ಲಿಸುವ ಮಾತು ಬಂತು. ಮೊದಲನೆಯದು ಮಾರುಕಟ್ಟೆಯ ಧಾರಣೆ. ಸಿನಿಮಾ ನಟರ ಮದುವೆಯ ಸುದ್ದಿಯ ಮುಂದೆ ಅದರ ಓದುಗರು ಬೆರಳೆಣಿಕೆಯವರು. ನಮ್ಮ ಅಧಿಕಾರಿಗಳು ಪ್ರಶ್ನೆಯನ್ನೇ ಬದಲಿಸಿದರು. ಎಷ್ಟು ಜನ ಬಂದರೆಂದು ಕೇಳದೆ, ಬಂದವರಲ್ಲಿ ಎಷ್ಟು ಜನ ಮರುದಿನವೂ ಬಂದರೆಂದು ನೋಡಿದರು. ಮದುವೆಗೆ ಬಂದವರು ಊಟ ಮುಗಿಸಿ ಹೋದಂತೆ ಹೋಗಿದ್ದರು. ಧಾರಣೆ ನೋಡುವವರು ಮಾತ್ರ ದಿನವೂ ಅದೇ ಹೊತ್ತಿಗೆ ಬರುತ್ತಿದ್ದರು. ಧಾರಣೆ ಉಳಿಯಿತು.

ಎರಡನೆಯದು ನಮ್ಮ ತಾಲ್ಲೂಕಿನ ಸುದ್ದಿ. ಅದನ್ನು ಯಾವ ಪ್ರಶ್ನೆಯೂ ಉಳಿಸಲಾರದಾಯಿತು. ಓದುಗರೂ ಕಡಮೆ, ಮರಳಿ ಬರುವವರೂ ಕಡಮೆ. ನಾನು ಧೈರ್ಯಮಾಡಿ ಹೇಳಿದೆ: ನಮ್ಮೂರಿಂದ ಕಾಲೇಜಿನ ವೇಳೆಗೆ ಬಸ್ಸಿಲ್ಲವೆಂದು ಆ ಅಂಕಣದಲ್ಲಿ ಒಮ್ಮೆ ನಾಲ್ಕು ಸಾಲು ಬಂದಿತ್ತು, ತಿಂಗಳೊಳಗೆ ಬಸ್ಸು ಬಂತು, ಆ ಬಸ್ಸಿಲ್ಲದಿದ್ದರೆ ನಾನು ಬಿ.ಎ. ತರಗತಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದರಲ್ಲಿ ಈಗ ಓಡಾಡುವ ಹುಡುಗಿಯರಲ್ಲಿ ಒಬ್ಬಳೂ ಆ ಸಾಲುಗಳನ್ನು ಓದಿರಲಾರಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಯಾವ ಕಲಮಿನಲ್ಲಿ ತುಂಬಲಿ?” ಎಂದರು. ಹಾಸ್ಯಕ್ಕೆ ಕೇಳಿದ್ದಲ್ಲ, ಅಂಥ ಕಲಮು ಪಟ್ಟಿಯಲ್ಲಿ ನಿಜವಾಗಿಯೂ ಇರಲಿಲ್ಲ. ಕೊನೆಗೆ ಅಂಕಿಗಳನ್ನು ಇದ್ದಂತೆಯೇ ಬಿಟ್ಟು, ಅವುಗಳ ಕೆಳಗೆ ಬಸ್ಸಿನ ಸಂಗತಿಯನ್ನು ಎರಡು ವಾಕ್ಯದಲ್ಲಿ ಬರೆದು ಸಂಪಾದಕರಿಗೆ ಕಳುಹಿಸಿದರು. ದಿನವೂ ಬರುತ್ತಿದ್ದ ಅಂಕಣ ವಾರಕ್ಕೊಮ್ಮೆಯಾಯಿತು, ನಿಲ್ಲಲಿಲ್ಲ.

ಅಂಕಿ ಸುಳ್ಳು ಹೇಳುತ್ತದೆಂದು ದೂರುವುದು ಸುಲಭ. ನಾನು ಕಂಡಂತೆ ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವ ಸಾಕ್ಷಿ. ಕೇಳುವವನಿಗೆ ಊರು ಗೊತ್ತಿರಬೇಕು. ಪದವಿ ಮುಗಿದ ಮೇಲೆ ಸಂಖ್ಯಾಶಾಸ್ತ್ರ ಕಲಿತು ಈ ಕೆಲಸಕ್ಕೇ ಹೋಗಬೇಕೆಂದಿದ್ದೇನೆ. ಓದಿಸಿಕೊಂಡು ಕೇಳುವವರು ಎಷ್ಟು ಜನರಿದ್ದಾರೆಂಬ ಪ್ರಶ್ನೆಯನ್ನು ನಮ್ಮಂಥ ಮನೆಯಿಂದ ಹೋದವರೇ ಕೇಳಬೇಕಲ್ಲವೆ?